ತೋಟದ ಅಂಚೆ: ಈ ತಿಂಗಳು ಬೂಷ್ಟಿನದೇ ದರ್ಬಾರು

ಎರಡು ಸಂಚಿಕೆಗಳ ಹಿಂದೆ ಟ್ರೈಕೋಡರ್ಮದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ನನ್ನ ಮೇಜಿನ ಮೇಲೆ ಅರ್ಧ ಗೇಣು ಎತ್ತರಕ್ಕೆ ಕುಳಿತಿವೆ. ಅದರಲ್ಲಿ ಹೊಗಳಿಕೆ ಕಡಿಮೆ, ಜಗಳ ಜಾಸ್ತಿ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಟ್ರೈಕೋಡರ್ಮ ಎಂದರೆ ಮಣ್ಣಿನಲ್ಲಿ ತಾನಾಗಿಯೇ ಇರುವ ಒಂದು ಹಸಿರು ಶಿಲೀಂಧ್ರ. ನಮ್ಮ ಮಾತಿನಲ್ಲಿ ಬೂಷ್ಟು. ಬೇರು ಕೊಳೆಸುವ ಬೇರೆ ಶಿಲೀಂಧ್ರಗಳನ್ನು ಅದು ಹತ್ತಿಕ್ಕುತ್ತದೆ. ಅದನ್ನೇ ಬೆಳೆಸಿ, ಟಾಲ್ಕ್ ಪುಡಿಯಲ್ಲಿ ಬೆರೆಸಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ನಾನು ವಿಜ್ಞಾನಿಯಲ್ಲ. ಸಸ್ಯರೋಗ ಪ್ರಯೋಗಾಲಯವೊಂದರಲ್ಲಿ 26 ವರ್ಷ ಸಹಾಯಕಿಯಾಗಿದ್ದು, ಗಾಜಿನ ತಟ್ಟೆ ತೊಳೆದು, ಅದೇ ತಟ್ಟೆಗಳಲ್ಲಿ ಬೂಷ್ಟು ಬೆಳೆಸಿ, ನಿವೃತ್ತಿಯ ನಂತರ ಸಾಗರದ ಬಳಿ ಎರಡು ಎಕರೆ ಅಡಿಕೆ, ಮೆಣಸು ನೋಡಿಕೊಂಡಿರುವವಳು.

ಮೇಡಂ, ನಮ್ಮದು 200 ಮೆಣಸಿನ ಬಳ್ಳಿ. ಜುಲೈ ಕೊನೆಯಲ್ಲಿ ಸೊರಗು ರೋಗ ಕಾಣಿಸಿತು. ಆಗಸ್ಟ್‌ನಲ್ಲಿ ಟ್ರೈಕೋಡರ್ಮ ತಂದು ಸೊರಗಿದ ಬಳ್ಳಿಗಳ ಬುಡಕ್ಕೆಲ್ಲ ಧಾರಾಳವಾಗಿ ಹಾಕಿದೆ. ಒಂದೂ ಉಳಿಯಲಿಲ್ಲ. ಇದು ಶುದ್ಧ ಮೋಸ ಎನ್ನುತ್ತೇನೆ. ನೀವೇನು ಹೇಳುತ್ತೀರಿ?
— ಹೊಸನಗರ ತಾಲ್ಲೂಕಿನ ಓದುಗರು

ಮೋಸವಲ್ಲ ಸ್ವಾಮಿ, ಆದರೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಹೀಗೇ 31 ಬಳ್ಳಿಗಳಲ್ಲಿ 17 ಕಳೆದುಕೊಂಡವಳು. ಅದೂ ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಕಳೆದ ಮೇಲೆ! ನಮ್ಮ ಮನೆಯವರು ಈಗಲೂ ಅದನ್ನು ನೆಂಟರ ಮುಂದೆ ಹೇಳಿ ನಗುತ್ತಾರೆ.

ಶೀಘ್ರ ಸೊರಗು ರೋಗದಲ್ಲಿ ಎಲೆ ಜೋತು ಬೀಳುವುದು ಕಥೆಯ ಕೊನೆಯ ಅಧ್ಯಾಯ. ಫೈಟಾಫ್ತೊರಾ ಎಂಬ ರೋಗಾಣು ಅದಕ್ಕಿಂತ ಎಷ್ಟೋ ದಿನ ಮೊದಲೇ ಬೇರಿಗೆ ಇಳಿದಿರುತ್ತದೆ. ನೀವು ಗಮನಿಸುವ ಹೊತ್ತಿಗೆ ಬುಡದ ತೊಗಟೆ ಕಪ್ಪಾಗಿ, ಉಗುರಿನಿಂದ ಕೆರೆದರೆ ಜಾರುತ್ತಿರುತ್ತದೆ, ಮೂಗಿಗೆ ಹಿಡಿದರೆ ಕೊಳೆತ ವಾಸನೆ. ಅಂಥ ಬಳ್ಳಿಯ ಬುಡಕ್ಕೆ ಟ್ರೈಕೋಡರ್ಮ ಹಾಕುವುದೆಂದರೆ ಕಳ್ಳ ಮನೆ ದೋಚಿಕೊಂಡು ಹೋದ ಮೇಲೆ ನಾಯಿಮರಿ ತಂದು ಕಟ್ಟಿದ ಹಾಗೆ. ಅದು ಔಷಧವಲ್ಲ, ಕಾವಲು. ರೋಗ ಬರುವ ಮೊದಲೇ ಬೇರಿನ ಸುತ್ತ ಮನೆ ಮಾಡಿಕೊಂಡು ಕುಳಿತಿರಬೇಕು.

ಈ ಫೈಟಾಫ್ತೊರಾದ ಸ್ವಭಾವವನ್ನೂ ತಿಳಿದುಕೊಳ್ಳಿ. ನಾವು ಶಿಲೀಂಧ್ರ ಎಂದು ಕರೆದರೂ ಅದು ಅಸಲಿ ಶಿಲೀಂಧ್ರವಲ್ಲ, ಪಾಚಿಗಳ ಕಡೆಯ ಬಳಗ. ಅದರ ಬೀಜಾಣುಗಳಿಗೆ ಎರಡೆರಡು ಬಾಲ. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ನೀರಿನಲ್ಲಿ ಅವು ಈಜಾಡುವುದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಗೊದಮೊಟ್ಟೆಗಳ ಹಾಗೆ ಗಿರಕಿ ಹೊಡೆಯುತ್ತಾ ಬೇರಿನ ಚೂರಿನ ಕಡೆಗೇ ನುಗ್ಗುತ್ತಿದ್ದವು. ಬುಡದಲ್ಲಿ ನೀರು ನಿಂತರೆ ಅವುಗಳಿಗೆ ನೀವೇ ದೋಣಿ ಕಟ್ಟಿಕೊಟ್ಟಂತೆ. ಬಸಿಗಾಲುವೆ ಹೂಳು ತುಂಬಿಕೊಂಡಿರುವ ತೋಟದಲ್ಲಿ ಯಾವ ಟ್ರೈಕೋಡರ್ಮವೂ ಕೆಲಸ ಮಾಡುವುದಿಲ್ಲ. ನಾನು 17 ಬಳ್ಳಿ ಕಳೆದುಕೊಂಡದ್ದೂ ಅದರಿಂದಲೇ. ಪುಡಿಗೆ ದುಡ್ಡು ಕೊಟ್ಟೆ, ಗುದ್ದಲಿ ಹಿಡಿಯುವ ಆಳಿಗೆ ಕೊಡಲಿಲ್ಲ.

ಈಗ ಮಾಡಬೇಕಾದದ್ದು: ಸತ್ತ ಬಳ್ಳಿಗಳನ್ನು ಬೇರುಸಮೇತ ಕಿತ್ತು ಸುಡಿ. ತೋಟದ ಮೂಲೆಯಲ್ಲಿ ರಾಶಿ ಹಾಕಬೇಡಿ. ಅಕ್ಕಪಕ್ಕದ ಬಳ್ಳಿಗಳಿಗೆ ಪೊಟ್ಯಾಸಿಯಂ ಫಾಸ್ಫೊನೇಟ್ ಲೀಟರಿಗೆ 3 ಮಿಲಿಯಂತೆ ಬೆರೆಸಿ ಬುಡಕ್ಕೆ ಸುರಿಯಿರಿ. ಇದು ಟ್ರೈಕೋಡರ್ಮಕ್ಕೆ ತೊಂದರೆ ಕೊಡದ ಔಷಧ. ನೆಲದ ಮೇಲೆ ಹರಿದಾಡುವ ಹಬ್ಬುಬಳ್ಳಿಗಳನ್ನು ಕತ್ತರಿಸಿ ಅಥವಾ ಮರಕ್ಕೆ ಎತ್ತಿ ಕಟ್ಟಿ, ಏಕೆಂದರೆ ಮಳೆಹನಿ ಮಣ್ಣಿಗೆ ಬಡಿದು ಸಿಡಿದಾಗ ರೋಗ ಮೊದಲು ಹತ್ತುವುದು ಆ ಕೆಳಗಿನ ಎಲೆಗಳಿಗೆ. ಟ್ರೈಕೋಡರ್ಮದ ಸರದಿ ಮುಂದಿನ ವರ್ಷ ಮೇ ಕೊನೆಯಲ್ಲಿ, ಒಂದೆರಡು ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ. ಬಳ್ಳಿಗೆ 50 ಗ್ರಾಂ, ಬೇವಿನ ಹಿಂಡಿಯ ಜೊತೆ ಅಥವಾ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ. ಮತ್ತೊಮ್ಮೆ ಆಗಸ್ಟ್–ಸೆಪ್ಟೆಂಬರಿನಲ್ಲಿ. ಬರೀ ಪುಡಿಯನ್ನು ಉಪ್ಪು ಉದುರಿಸಿದಂತೆ ಉದುರಿಸಿ ಬರಬೇಡಿ. ಅದಕ್ಕೆ ತಿನ್ನಲು ಏನಾದರೂ ಬೇಕಲ್ಲ?

ಶಿಲೀಂಧ್ರದಿಂದಲೇ ರೋಗ ಎನ್ನುತ್ತೀರಿ, ಮತ್ತೆ ಶಿಲೀಂಧ್ರವನ್ನೇ ಹಾಕಿ ಎನ್ನುತ್ತೀರಿ. ನಾಳೆ ಇದೇ ನಮ್ಮ ಗಿಡ ತಿನ್ನಲು ಶುರುಮಾಡಿದರೆ?
— ಕೊಪ್ಪದ ಓದುಗರು

ಒಳ್ಳೆಯ ಪ್ರಶ್ನೆ. ನನ್ನ ಅತ್ತೆಯವರೂ ಇದನ್ನೇ ಕೇಳಿದ್ದರು.

ಪ್ರಯೋಗಾಲಯದಲ್ಲಿ ನಾವು ಒಂದು ತಟ್ಟೆಯ ಎಡಗಡೆ ರೋಗದ ಶಿಲೀಂಧ್ರವನ್ನೂ ಬಲಗಡೆ ಟ್ರೈಕೋಡರ್ಮವನ್ನೂ ಇಡುತ್ತಿದ್ದೆವು. ಮೂರನೆಯ ದಿನ ಎರಡೂ ನಡುವೆ ಮುಖಾಮುಖಿಯಾಗುತ್ತಿದ್ದವು. ವಾರ ಕಳೆಯುವುದರೊಳಗೆ ಎಡಗಡೆಯ ರೋಗದ ಬೂಷ್ಟಿನ ಮೇಲೆಲ್ಲ ಹಸಿರು ಹಿಟ್ಟು ಚೆಲ್ಲಿದಂತಾಗಿರುತ್ತಿತ್ತು. ಅಂಚಿನಿಂದ ಒಂದು ಎಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ, ದಪ್ಪನೆಯ ರೋಗದ ಎಳೆಗೆ ಸಣ್ಣ ಎಳೆಯೊಂದು ಬಸಳೆ ಬಳ್ಳಿ ಗೂಟಕ್ಕೆ ಸುತ್ತಿಕೊಂಡ ಹಾಗೆ ಸುತ್ತಿಕೊಂಡಿರುತ್ತಿತ್ತು. ಸುತ್ತಿಕೊಂಡ ಕಡೆಯಲ್ಲೆಲ್ಲ ಕಿಣ್ವ ಸುರಿಸಿ ಗೋಡೆ ಕರಗಿಸುತ್ತದೆ, ಒಳಗಿನದನ್ನು ಹೀರುತ್ತದೆ. ಇದನ್ನು ಮೊದಲು ಬರೆದಿಟ್ಟವರು ರಿಚರ್ಡ್ ವೈಂಡ್ಲಿಂಗ್, 1932ರಲ್ಲಿ, ಅಮೆರಿಕದಲ್ಲಿ. ಸಸಿಗಳನ್ನು ಬುಡದಲ್ಲೇ ಮುರಿದು ಹಾಕುವ ರೈಜೋಕ್ಟೋನಿಯಾ ಎಂಬ ಶಿಲೀಂಧ್ರವನ್ನು ಟ್ರೈಕೋಡರ್ಮ ಹೀಗೆ ತಿನ್ನುವುದನ್ನು ಅವರು ಕಂಡರು.

ಗಿಡದ ಬೇರಿನ ಜೊತೆ ಅದರ ವ್ಯವಹಾರ ಬೇರೆ. ಹೊರಪದರದಲ್ಲಿ ಒಂದಿಷ್ಟು ಜಾಗ ಪಡೆದು, ಬೇರು ಸೋರಿಸುವ ಸಕ್ಕರೆ ತಿಂದುಕೊಂಡಿರುತ್ತದೆ. ಗಿಡವೂ ಸ್ವಲ್ಪ ಎಚ್ಚೆತ್ತುಕೊಂಡು ತನ್ನ ರಕ್ಷಣೆಯನ್ನು ಬಿಗಿಮಾಡಿಕೊಳ್ಳುತ್ತದೆ. ಇದಕ್ಕೆ ರುಚಿ ಸತ್ತ ವಸ್ತುವಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳ ಕಡೆ ಅಮೆರಿಕದ ಸೈನ್ಯದ ಕ್ಯಾನ್ವಾಸು, ಬಟ್ಟೆ ಕೊಳೆತು ಹಾಳಾಗುತ್ತಿದ್ದವು. ಕಾರಣ ಹುಡುಕಿದಾಗ ಸಿಕ್ಕ ಶಿಲೀಂಧ್ರಗಳಲ್ಲಿ ಈ ಕುಲದ್ದೇ ಒಂದಿತ್ತು. ಹತ್ತಿ ಕರಗಿಸುವ ಅದರ ಕಿಣ್ವವನ್ನು ಇಂದು ಕಾರ್ಖಾನೆಗಳು ಜೀನ್ಸ್ ಬಟ್ಟೆಯನ್ನು ಹಳೆಯದರಂತೆ ಕಾಣಿಸಲು ಬಳಸುತ್ತವೆ. ನಿಮ್ಮ ಕಾಫಿ ಗಿಡಕ್ಕೆ ಭಯವಿಲ್ಲ. ಮಳೆಗಾಲದಲ್ಲಿ ಒದ್ದೆ ಲುಂಗಿಯನ್ನು ತೋಟದಲ್ಲಿ ಮರೆತು ಬಂದರೆ ಅದರ ಹೊಣೆ ನನ್ನದಲ್ಲ.

ಅಕ್ಕಾ, ಗೊಬ್ಬರದಲ್ಲಿ ಟ್ರೈಕೋಡರ್ಮ ಬೆಳೆಸುವ ಕ್ರಮ ಹೇಳಿ. ಕಳೆದ ವರ್ಷ ಮಾಡಿದೆ, ಗೊಬ್ಬರ ಹಾಗೇ ಇತ್ತು, ಹಸಿರೂ ಇಲ್ಲ ಬಿಳಿಯೂ ಇಲ್ಲ. ಪುಡಿಯೇ ಸತ್ತಿತ್ತೋ, ನನ್ನ ಕೈಗುಣವೋ?
— ಅರಸೀಕೆರೆಯ ತೆಂಗು ಬೆಳೆಗಾರ ಮಹಿಳೆ

ಕೈಗುಣವನ್ನು ಆಮೇಲೆ ನೋಡೋಣ, ಮೊದಲು ಪುಡಿಯನ್ನು ಪರೀಕ್ಷಿಸೋಣ ತಂಗಿ. ಪೊಟ್ಟಣದ ಮೇಲೆ ಸಿ.ಎಫ್.ಯು. ಎಂದು ಬರೆದಿರುತ್ತದಲ್ಲ, ಅದು ಜೀವಂತ ಕಣಗಳ ಲೆಕ್ಕ. ಸಾಮಾನ್ಯವಾಗಿ ಗ್ರಾಂಗೆ 20 ಲಕ್ಷ ಎಂದಿರುತ್ತದೆ. ಅಂದರೆ ತಯಾರಾದ ದಿನ ಅಷ್ಟಿತ್ತು ಎಂದು. ಟಾಲ್ಕ್ ಪುಡಿಯಲ್ಲಿ ನಾಲ್ಕರಿಂದ ಆರು ತಿಂಗಳು ಬದುಕಿದರೆ ಹೆಚ್ಚು, ಅದೂ ತಂಪಿನಲ್ಲಿ. ನಾನು ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ಕೊಂಡ ಪೊಟ್ಟಣಗಳು ತಗಡಿನ ಮಾಡಿನ ಕೆಳಗೆ, ಮೇಲಿನ ಹಲಗೆಯಲ್ಲಿ, ಏಪ್ರಿಲ್ ಬಿಸಿಲನ್ನೆಲ್ಲ ಕಳೆದಂಥವು. ಅವಧಿ ಮುಗಿದಿರಲಿಲ್ಲ, ಜೀವ ಮುಗಿದಿತ್ತು. ತಯಾರಿಸಿದ ದಿನಾಂಕ ನೋಡಿ, ನೋಂದಣಿ ಸಂಖ್ಯೆ ನೋಡಿ (1968ರ ಕೀಟನಾಶಕ ಕಾಯ್ದೆ ಈ ಪುಡಿಗೂ ಅನ್ವಯಿಸುತ್ತದೆ), ಆಮೇಲೆ ಅಂಗಡಿಯವರು ಅದನ್ನು ಎಲ್ಲಿಂದ ತೆಗೆದುಕೊಡುತ್ತಾರೆ ಎಂಬುದನ್ನೂ ನೋಡಿ. ಆಗುವುದಾದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಿಂದಲೋ ಕೃಷಿ ವಿಶ್ವವಿದ್ಯಾಲಯದಿಂದಲೋ ತನ್ನಿ, ಹೊಸ ಸರಕು ಸಿಗುವ ಸಂಭವ ಹೆಚ್ಚು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಹಿಡಿ ಅಕ್ಕಿಯನ್ನು ಮುಕ್ಕಾಲು ಬೇಯಿಸಿ, ಅಗುಳು ಅಗುಳಾಗಿರುವಾಗಲೇ ಗಂಜಿ ಬಸಿದು, ಕುದಿನೀರಿನಲ್ಲಿ ತೊಳೆದ ಗಾಜಿನ ಬಾಟಲಿಗೆ ತುಂಬಿ. ಪೂರ್ತಿ ಆರಲಿ. ಒಂದು ಚಿಟಿಕೆ ಪುಡಿ ಉದುರಿಸಿ, ಕುಲುಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕತ್ತಲೆ ಮೂಲೆಯಲ್ಲಿಡಿ. ಪಕ್ಕದಲ್ಲೇ ಪುಡಿ ಹಾಕದ ಇನ್ನೊಂದು ಬಾಟಲಿಯೂ ಇರಲಿ, ಹೋಲಿಸಲು. ಎರಡು ಮೂರು ದಿನಕ್ಕೆ ಅರಳೆಯಂಥ ಬಿಳಿ, ಐದನೆಯ ದಿನದ ಹೊತ್ತಿಗೆ ಕಡು ಹಸಿರು. ಹಳಸಿದ ಅನ್ನಕ್ಕೂ ಹಸಿರು ಬೂಷ್ಟು ಬರುತ್ತದೆಯಲ್ಲ ಎನ್ನುತ್ತೀರಿ. ಹೌದು. ಆದರೆ ಒಳ್ಳೆಯ ಟ್ರೈಕೋಡರ್ಮ ಬೆಳೆದ ಬಾಟಲಿಯ ಬಟ್ಟೆ ಬಿಚ್ಚಿದರೆ ಎಷ್ಟೋ ಸಲ ಕೊಬ್ಬರಿಯ ವಾಸನೆ ಬರುತ್ತದೆ, ನಿಜವಾಗಿಯೂ ಕೊಬ್ಬರಿ! ಅದು ಹೊರಸೂಸುವ ಒಂದು ರಾಸಾಯನಿಕದ್ದೇ ಆ ಪರಿಮಳ. ಅರಸೀಕೆರೆಯವರಿಗೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಮೂಗನ್ನು ಬಾಟಲಿಯೊಳಗೆ ಇಡಬೇಡಿ, ದೂರದಿಂದ ಕೈಯಾಡಿಸಿ ನೋಡಿದರೆ ಸಾಕು.

ಪುಡಿ ಬದುಕಿದ್ದೂ ಗೊಬ್ಬರದಲ್ಲಿ ಬೆಳೆಯದಿದ್ದರೆ ತಪ್ಪು ಗೊಬ್ಬರದ್ದು. ಹಸಿ ಸಗಣಿ ತಿಪ್ಪೆಯಲ್ಲಿ ಕಾವೇರುತ್ತದೆ, ಒಳಗೆ ಕೈಯಿಟ್ಟರೆ ಸುಡುತ್ತದೆ. ಅದರಲ್ಲಿ ಹಾಕಿದರೆ ಬೆಂದು ಹೋಗುತ್ತದೆ. ಬಿಸಿಹಾಲಿಗೆ ಹೆಪ್ಪು ಹಾಕುತ್ತೀರಾ? ಮುಟ್ಟಿದರೆ ತಣ್ಣಗಿರುವ, ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರುವ ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮ 1 ಕಿಲೋ. ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೆರಳಿನಲ್ಲಿ ಗೇಣೆತ್ತರ ಹರಡಿ, ಒದ್ದೆ ಗೋಣಿಚೀಲ ಅಥವಾ ತೆಂಗಿನ ಗರಿ ಮುಚ್ಚಿ. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. ಎರಡು ವಾರಕ್ಕೆ ಸಿದ್ಧ. ಅನ್ನದ ಮೇಲೆ ಬಂದಷ್ಟು ದಟ್ಟ ಹಸಿರನ್ನು ಗೊಬ್ಬರದಲ್ಲಿ ನಿರೀಕ್ಷಿಸಬೇಡಿ. ಅಲ್ಲಿ ಬೇರೆ ಸಾವಿರ ಜೀವಿಗಳ ಜೊತೆ ಹೆಣಗಬೇಕು. ಹೆಂಟೆ ಒಡೆದಾಗ ಒಳಗೆ ಬಿಳಿ ನೂಲು, ಅಲ್ಲಲ್ಲಿ ಹಸಿರು ಚುಕ್ಕೆ ಕಂಡರೆ ನಿಮ್ಮ ಕೈಗುಣ ಚೆನ್ನಾಗಿದೆ.

ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಬದಲು ಟ್ರೈಕೋಡರ್ಮ ಸಿಂಪಡಿಸಬಹುದೇ? ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ, ಮೈಲುತುತ್ತದ ಬೆಲೆಯೂ ಏರಿದೆ.
— ಸಿದ್ದಾಪುರ

ಬೇಡ. ಮಲೆನಾಡಿನ ಜಡಿಮಳೆಯಲ್ಲಿ, ಮರದ ತುದಿಯ ಗೊನೆಯ ಮೇಲೆ ಅದಕ್ಕೆ ನೆಲೆಯೇ ಇಲ್ಲ. ಮೈಸೂರು ಸರ್ಕಾರದ ಶಿಲೀಂಧ್ರತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಮೇಲೆ ಬರೆದರು, ನಮ್ಮ ಹಿರಿಯರಿಗೆ ಬೋರ್ಡೋ ಕಲಿಸಿದರು. ನೂರು ವರ್ಷ ದಾಟಿದರೂ ಶೇ 1ರ ಬೋರ್ಡೋವನ್ನು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನಾನು ಬಿಟ್ಟಿಲ್ಲ. ಒಂದು ಎಚ್ಚರಿಕೆ: ಮೈಲುತುತ್ತದಲ್ಲಿರುವ ತಾಮ್ರ ಟ್ರೈಕೋಡರ್ಮಕ್ಕೆ ಆಗದು. ಎರಡನ್ನೂ ಒಟ್ಟಿಗೆ ಬೆರೆಸಬೇಡಿ. ಬುಡಕ್ಕೆ ತಾಮ್ರದ ಔಷಧ ಸುರಿದಿದ್ದರೆ ಕನಿಷ್ಠ 15–20 ದಿನ ಬಿಟ್ಟು ಟ್ರೈಕೋಡರ್ಮ ಕೊಡಿ. ಕೊನೆಗೌಡರ ವಿಷಯದಲ್ಲಿ ನಾನೂ ನಿಮ್ಮ ಪಕ್ಕದಲ್ಲೇ ಕುಳಿತು ಅಳುವವಳು.

ನಮ್ಮದು ಎಂಟು ಎಕರೆ ತೊಗರಿ. 2022ರಲ್ಲಿ ನೆಟೆ ರೋಗದಿಂದ ಕೈ ಸುಟ್ಟುಕೊಂಡೆವು. ಈ ವರ್ಷವೂ ಹೂ ಬರುವ ಹೊತ್ತಿಗೆ ಅಲ್ಲಲ್ಲಿ ಒಣಗುತ್ತಿದೆ. ಈಗ ಟ್ರೈಕೋಡರ್ಮ ಕೊಟ್ಟರೆ ನಿಲ್ಲುತ್ತದೆಯೇ?
— ಆಳಂದ ತಾಲ್ಲೂಕಿನ ಓದುಗರು

ಅಣ್ಣಾ, ಒಣಗಿದ ಗಿಡಕ್ಕೆ ಈಗ ಯಾವುದೂ ಬೇಡ, ದುಡ್ಡು ಉಳಿಸಿ. ಒಂದು ಗಿಡ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದುಗಪ್ಪು ಗೆರೆ ಬೇರಿನಿಂದ ಮೇಲಕ್ಕೆ ಏರಿದ್ದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ. ನೀರು ಹರಿಯುವ ನಾಳಗಳನ್ನೇ ಕಟ್ಟಿಹಾಕಿರುತ್ತದೆ. ಹೊಲದಲ್ಲಿ ತೇವವಿದ್ದೂ ಗಿಡ ಬಾಯಾರಿ ಸಾಯುತ್ತದೆ.

ಇದು ಬೇರು, ಕೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುವ ರೋಗ. ಹಾಗಾಗಿ ಮೊದಲ ಕೆಲಸ ತಳಿಯದು; ಟಿ.ಎಸ್-3ಆರ್ ನಂಥ ನೆಟೆ ತಡೆಯುವ ತಳಿ ಬಿತ್ತಿ. ಎರಡನೆಯದು ಜೋಳ. ತೊಗರಿಯ ಹಿಂದೆ ತೊಗರಿ ಬಿತ್ತುವ ಹೊಲದಲ್ಲಿ ಒಂದೆರಡು ವರ್ಷ ಜೋಳ ಬರಲಿ, ಇಲ್ಲವೇ ಅಕ್ಕಡಿಯಾಗಿಯಾದರೂ ಇರಲಿ. ನಿಮ್ಮ ಅಜ್ಜಂದಿರು ಜೋಳದ ಜೊತೆ ತೊಗರಿ ಬಿತ್ತಿದ್ದು ರೊಟ್ಟಿಗಾಗಿ ಮಾತ್ರವಲ್ಲ. ಇವೆರಡು ಆದ ಮೇಲೆ ಟ್ರೈಕೋಡರ್ಮಕ್ಕೆ ಅರ್ಥ ಬರುತ್ತದೆ. ಕಿಲೋ ಬೀಜಕ್ಕೆ 4ರಿಂದ 10 ಗ್ರಾಂ. ಬೆಲ್ಲದ ತೆಳು ಪಾಕ ಚಿಮುಕಿಸಿ, ಪುಡಿ ಹಾಕಿ, ಪ್ರತಿ ಕಾಳಿಗೂ ಅಂಟುವಂತೆ ಹಗುರವಾಗಿ ಹೊರಳಾಡಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿ. ಬೇರುಗಂಟಿನ ಬ್ಯಾಕ್ಟೀರಿಯಾ ರೈಜೋಬಿಯಂ ಜೊತೆ ಅದಕ್ಕೆ ಜಗಳವಿಲ್ಲ. ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕದ ಜೊತೆ ಮಾತ್ರ ಬೇಡವೇ ಬೇಡ. ಅದನ್ನು ಹಚ್ಚಿದ ಬೀಜಕ್ಕೆ ಟ್ರೈಕೋಡರ್ಮ ಹಚ್ಚಿದರೆ ವಿಷ ಸವರಿದ ತಟ್ಟೆಯಲ್ಲಿ ನೆಂಟರಿಗೆ ಊಟ ಬಡಿಸಿದಂತೆ. ತೊಗರಿಗೆ ಇದೆಲ್ಲ ಮುಂದಿನ ಜೂನ್‌ಗಾಯಿತು, ಆದರೆ ಕಡಲೆ ಬಿತ್ತನೆ ಹತ್ತಿರ ಬಂದಿದೆಯಲ್ಲ? ಅದಕ್ಕೂ ಇದೇ ಬಗೆಯ ಸೊರಗು ರೋಗವಿದೆ, ಇದೇ ಬೀಜೋಪಚಾರ.

ಶುಂಠಿ ಮಡಿಗಳು ಹಳದಿಯಾಗಿ ಮಲಗುತ್ತಿವೆ. ಟ್ರೈಕೋಡರ್ಮ ಎರಡು ಸಲ ಕೊಟ್ಟೆ, ಗುಣ ಕಾಣಲಿಲ್ಲ.
— ಹೆಗ್ಗಡದೇವನಕೋಟೆ

ಒಂದು ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಳ್ಳಿ. ರೋಗದ ಕಾಂಡವನ್ನು ಬುಡದ ಹತ್ತಿರ ಹರಿತವಾದ ಚಾಕುವಿನಿಂದ ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂಥದ್ದು ಕೆಳಗೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದರ ಮುಂದೆ ಟ್ರೈಕೋಡರ್ಮದ ಆಟ ನಡೆಯುವುದಿಲ್ಲ. ಆ ಮಡಿಯ ನೀರು ಬೇರೆ ಮಡಿಗೆ ಹರಿಯದಂತೆ ತಡೆಯಿರಿ, ಅಲ್ಲಿಯ ಗಡ್ಡೆಯನ್ನು ಬಿತ್ತನೆಗೆ ಇಡಬೇಡಿ, ಮುಂದೆ ಆ ನೆಲದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಯೂ ಬೇಡ. ಅವೂ ಇದೇ ರೋಗಕ್ಕೆ ಬಲಿ. ನೀರು ತಿಳಿಯಾಗೇ ಇದ್ದು, ಎಳೆದರೆ ಕಾಂಡ ಸಲೀಸಾಗಿ ಕಿತ್ತು ಬಂದು ಗಡ್ಡೆ ಗಬ್ಬು ನಾರುತ್ತಿದ್ದರೆ ಅದು ಪಿಥಿಯಂ ಎಂಬ ರೋಗಾಣು ತರುವ ಗಡ್ಡೆಕೊಳೆ. ಮುಂದಿನ ಸಲ ಆರೋಗ್ಯವಂತ ಬಿತ್ತನೆ, ಎತ್ತರದ ಮಡಿ, ನಾಟಿಯ ದಿನವೇ ಟ್ರೈಕೋಡರ್ಮ ಬೆಳೆಸಿದ ಗೊಬ್ಬರ: ಈ ಮೂರೂ ಸೇರಿದರೆ ಅದನ್ನು ಬಹಳ ಮಟ್ಟಿಗೆ ಹಿಡಿಯಬಹುದು.

ನಾವು ರೇಷ್ಮೆ ಸಾಕುವವರು. ಪಕ್ಕದ ತೋಟದವರು ಹುಳುಗಳಿಗೆಂದು ಬ್ಯುವೇರಿಯಾ ಎಂಬ ಜೈವಿಕ ಪುಡಿ ಸಿಂಪಡಿಸುತ್ತಾರಂತೆ. ಜೈವಿಕವಾದ್ದರಿಂದ ಹೆದರಬೇಕಿಲ್ಲವಷ್ಟೇ?
— ಕನಕಪುರ

ಹೆದರಿ. ಇವತ್ತೇ ಹೋಗಿ ಅವರ ಬಳಿ ಮಾತನಾಡಿ. ನಿಮ್ಮ ಹುಳುವಿನ ಮನೆಯಲ್ಲಿ ಸುಣ್ಣಕಟ್ಟು ಎನ್ನುತ್ತೀರಲ್ಲ, ಹುಳು ಸೆಟೆದು ಸೀಮೆಸುಣ್ಣದ ಕಡ್ಡಿಯಂತಾಗುವುದು, ಅದನ್ನು ತರುವುದೇ ಈ ಬ್ಯುವೇರಿಯಾ. ಇಟಲಿಯ ಅಗಸ್ಟಿನೊ ಬಾಸಿ 1835ರಲ್ಲಿ ರೇಷ್ಮೆಹುಳುವಿನ ಆ ರೋಗಕ್ಕೆ ಕಾರಣ ಒಂದು ಶಿಲೀಂಧ್ರ ಎಂದು ತೋರಿಸಿದರು. ಬ್ಯುವೇರಿಯಾ ಬಾಸಿಯಾನ ಎಂಬ ಹೆಸರಿನಲ್ಲಿರುವುದು ಅವರೇ. ಕಾಫಿಯ ಕಾಯಿಕೊರಕಕ್ಕೆ ಅದು ಒಳ್ಳೆಯದು, ಹಿಪ್ಪುನೇರಳೆಯ ಊರಿಗೆ ಅಲ್ಲ. ಗೊಣ್ಣೆಹುಳುವಿಗೆ ಕೊಡುವ ಮೆಟಾರೈಜಿಯಂ ಕೂಡ ಹುಳು ಕೊಲ್ಲುವ ಜಾತಿಯದೇ. ಟ್ರೈಕೋಡರ್ಮ ಹುಳುವಿನ ತಂಟೆಗೆ ಹೋಗುವುದಿಲ್ಲ, ಹಿಪ್ಪುನೇರಳೆಯ ಬೇರುಕೊಳೆಗೆ ಬುಡಕ್ಕೆ ಕೊಡಬಹುದು. ಸೊಪ್ಪಿನ ಮೇಲೆ ಮಾತ್ರ ಪುಡಿ ಹಾರಿಸಬೇಡಿ.

ಮೇಡಂ, ಮನೆಯ ಹಿಂದೆ ಸಣ್ಣ ಕೋಣೆಯಲ್ಲಿ ಚಿಪ್ಪಣಬೆ ಬೆಳೆಯುತ್ತೇನೆ, ಮುಂದೆ ತರಕಾರಿ ತೋಟವಿದೆ. ನಿಮ್ಮ ಲೇಖನ ಓದಿ ತೋಟಕ್ಕೆ ಟ್ರೈಕೋಡರ್ಮ ಗೊಬ್ಬರ ಮಾಡಿದೆ. ಈಗ ಅಣಬೆ ಚೀಲಗಳಲ್ಲಿ ಹಸಿರು ಬೂಷ್ಟು. ಒಂದಕ್ಕೊಂದು ಸಂಬಂಧವಿದೆಯೇ?
— ಧಾರವಾಡದ ಗೃಹಿಣಿ

ಇದೆ ತಾಯಿ, ಇರಬಹುದು ಎನ್ನಲು ನನ್ನ ಬಾಯಿ ಬರುತ್ತಿಲ್ಲ. ಎರಡು ಸಂಚಿಕೆಗಳ ಹಿಂದೆ ಈ ಎಚ್ಚರಿಕೆಯನ್ನು ಬರೆಯದಿದ್ದದ್ದು ನನ್ನದೇ ತಪ್ಪು. ಅಣಬೆಯೂ ಒಂದು ಶಿಲೀಂಧ್ರವೇ ಅಲ್ಲವೇ? ಟ್ರೈಕೋಡರ್ಮಕ್ಕೆ ಅದು ಇನ್ನೊಂದು ಊಟ. ಅಣಬೆ ಬೆಳೆಗಾರರ ಲೋಕದಲ್ಲಿ ಇದರ ಹೆಸರೇ ಹಸಿರು ಬೂಷ್ಟು ರೋಗ. ಹುಲ್ಲನ್ನು ಸರಿಯಾಗಿ ಬೇಯಿಸದಿದ್ದರೆ ಟ್ರೈಕೋಡರ್ಮ ತಾನಾಗಿಯೂ ಬರುತ್ತದೆ, ಹಾಗಾಗಿ ನಿಮ್ಮ ಗೊಬ್ಬರವೊಂದನ್ನೇ ದೂರುವಂತಿಲ್ಲ.

ಹಸಿರು ಹಿಡಿದ ಚೀಲಗಳನ್ನು ಕೋಣೆಯೊಳಗೆ ಬಿಚ್ಚಬೇಡಿ; ಒದ್ದೆ ಬಟ್ಟೆ ಸುತ್ತಿ ಹೊರಗೆ ಸಾಗಿಸಿ, ದೂರದಲ್ಲಿ ಹೂಳಿ. ಗೊಬ್ಬರದ ರಾಶಿಯನ್ನು ಕೋಣೆಯಿಂದ ಆದಷ್ಟು ದೂರಕ್ಕೆ, ಗಾಳಿ ಕೋಣೆಯ ಕಡೆಗೆ ಬೀಸದ ಮೂಲೆಗೆ ಒಯ್ಯಿರಿ. ಮುಂದಿನ ಸಲ ಹುಲ್ಲು ಬೇಯಿಸುವಾಗ ಅವಸರ ಬೇಡ. ಎರಡೂ ಕೆಲಸ ಒಂದೇ ದಿನ ಇದ್ದರೆ ಬೆಳಿಗ್ಗೆ ಎದ್ದವರು ಮೊದಲು ಅಣಬೆ ಕೋಣೆಗೆ ಹೋಗಿ, ಆಮೇಲೆ ತೋಟಕ್ಕೆ. ತೋಟದಿಂದ ಬಂದ ಸೀರೆಯಲ್ಲಿ ಆ ಬಾಗಿಲು ತೆರೆಯಬೇಡಿ.